ನನ್ನ ಕಾರಿಗೆ ಬೋರ್ ಹಾಕಿದ್ದು

ನಮ್ಮ ಯಜಮಾನರಿಗೆ ಪ್ರಪಂಚದಲ್ಲಿ ಕಾಣುವ ತೂತುಗಳೆಲ್ಲ ಬೋರ್‌ವೆಲ್ಲುಗಳೇ. ಮುಳಬಾಗಿಲಿನಲ್ಲಿ ಹೈವೇ ಪಕ್ಕ ಮೋಟಾರು, ಪೈಪು, ಕೇಬಲ್ ಮಾರುವ ಅಂಗಡಿ ಅವರದು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತವರೆಲ್ಲ ಮಾತಾಡುವುದು ಎಷ್ಟು ಅಡಿ ಕೊರೆಸಿದೆ, ಎಷ್ಟು ಇಂಚು ನೀರು ಬಂತು ಅನ್ನುವುದನ್ನೇ. ಹೀಗಾಗಿ ನಮ್ಮೆಜಮಾನ ಚಂದ್ರಮೋಹನ್ ಅವರು ನೆಗಡಿಯಾದರೆ ಮೂಗಿಗೆ ಫ್ಲಶಿಂಗ್ ಆಗಬೇಕು ಎನ್ನುತ್ತಾರೆ. ಮಿಕ್ಸಿ ಕೆಟ್ಟರೆ ಎಚ್‌ಪಿ ಸಾಲದು ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ತಮಾಷೆ ಅನ್ನಿಸುತ್ತಿತ್ತು. ಈಗ ನಾನು ಮಿಕ್ಸಿಯನ್ನು ಅವರ ಕಣ್ಣಿಗೆ ಬೀಳದ ಹಾಗೆ ರಿಪೇರಿಗೆ ಕಳಿಸುತ್ತೇನೆ.

ಕಾರನ್ನು ಮಾತ್ರ ಬಚ್ಚಿಡಲು ಆಗಲಿಲ್ಲ. ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತಿರುತ್ತದಲ್ಲ.

ಕಾರು ನನ್ನದು. ಆವನಿಯ ಶಾಲೆಯಲ್ಲಿ ಮೇಷ್ಟ್ರಾಗಿ ವರ್ಷಗಟ್ಟಲೆ ಬಸ್ಸಿನ ಕಂಬಿ ಹಿಡಿದು ನಿಂತು ಹೋಗಿ ಬಂದ ಮೇಲೆ, ನನ್ನ ಸಂಬಳದಲ್ಲಿ ಉಳಿಸಿ ತಗೊಂಡ ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಮೇಡಮ್ಮನ್ನ ಮೇಷ್ಟ್ರು ಅನ್ನಬಾರದು ಅಂತ ಯಾರಾದರೂ ತಿದ್ದಿದರೆ ನನಗೆ ಸಿಟ್ಟು ಬರುತ್ತದೆ, ಇರಲಿ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಮನೆಯಿಂದ ಆವನಿಗೆ ಹೋಗುವ ಆ ಅರ್ಧ ಗಂಟೆ ದಿನದಲ್ಲಿ ನನಗೆಂದು ಇರುವ ಒಂದೇ ಹೊತ್ತು. ಕಾಫಿ ಕೇಳುವವರಿಲ್ಲ, ಸಾಕ್ಸ್ ಎಲ್ಲಿ ಎನ್ನುವವರಿಲ್ಲ, ಹೆಡ್‌ಮೇಷ್ಟ್ರ ಫೋನು ಬಂದರೂ ಡ್ರೈವಿಂಗಲ್ಲಿದ್ದೆ ಸಾರ್ ಎಂದು ತೆಗೆಯದೆ ಇರಬಹುದು. ರಾಗಿ ಹೊಲಗಳ ನಡುವೆ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದರೆ ನನಗೆ ಹಾಡು ಬರುತ್ತದೆ ಎಂಬುದು ನನಗೇ ಗೊತ್ತಾದದ್ದು ಆ ಕಾರಿನಲ್ಲಿ. ಆ ದಾರಿ ನನಗೆ ಪ್ರಾಣ.

ನಾನು ಓಡಿಸುವಾಗ ಪಕ್ಕದಲ್ಲಿ ಕೂತ ನಮ್ಮೆಜಮಾನರು ಕಾಲನ್ನು ನೆಲಕ್ಕೆ ಒತ್ತುತ್ತಲೇ ಇರುತ್ತಾರೆ. ಅಲ್ಲಿ ಬ್ರೇಕ್ ಇಲ್ಲ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಆ ಜಾಗದ ಮ್ಯಾಟ್ ಸವೆದಿದೆ.

ಕಥೆ ಶುರುವಾದದ್ದು ಹೋದ ವರ್ಷ ಮಾವಿನ ಕಾಲದಲ್ಲಿ. ನನ್ನ ತವರು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ. ಅಪ್ಪ ಕೋದಂಡರಾಮಪ್ಪ ಅವರ ತೋಪಿನಲ್ಲಿ ಮೊದಲ ಕೊಯ್ಲಿನ ದಿನ ಇಬ್ಬರು ಅಳಿಯಂದಿರೂ ಹೋಗಬೇಕು ಎಂಬುದು ಮನೆಯ ಪದ್ಧತಿ. ಯಾವ ಅಳಿಯ ಮೊದಲು ಬರುತ್ತಾನೋ ಅವನು ಹಣ್ಣಿನ ರಾಶಿಯಲ್ಲಿ ತನಗೆ ಬೇಕಾದ ಬುಟ್ಟಿ ಆರಿಸಿಕೊಳ್ಳಬಹುದು. ತಡವಾಗಿ ಬಂದವನಿಗೆ ಉಳಿದದ್ದು. ಅಪ್ಪ ಇದನ್ನು ತಮಾಷೆಗೆ ಮಾಡಿದ್ದು. ಅಳಿಯಂದಿರು ತಮಾಷೆಗೆ ತಗೊಳ್ಳಲಿಲ್ಲ.

ಇನ್ನೊಬ್ಬ ಅಳಿಯ ಮುರಳಿಮೋಹನ್, ನನ್ನ ತಂಗಿ ಮೇಘನಳ ಗಂಡ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆ ವ್ಯಾಪಾರ. ಹೋದ ವರ್ಷ ಹೊಸ ಕಾರು ತಗೊಂಡಿದ್ದ. ಶ್ರೀನಿವಾಸಪುರ ದಾಟಿ ಗೌನಿಪಲ್ಲಿ ಕಡೆಗೆ ಹೋಗುವಾಗ ಒಂದು ಏರು ಸಿಗುತ್ತದೆ. ನಾನು ಓಡಿಸುತ್ತಿದ್ದೆ. ಹಿಂದಿನಿಂದ ಮುರಳಿ ಹಾರನ್ ಹೊಡೆದ. ರಸ್ತೆ ಕಿರಿದು, ನಾನು ಮರ್ಯಾದಸ್ಥೆ, ಎಡಕ್ಕೆ ಸರಿದು ಬಿಟ್ಟುಕೊಟ್ಟೆ. ಅವನು ಕೈ ಬೀಸಿಕೊಂಡು ಹೋದ. ಆ ವರ್ಷ ಅವನಿಗೆ ಬಾದಾಮಿ ಬುಟ್ಟಿ, ನಮಗೆ ತೋತಾಪುರಿ.

"ಯಾಕೆ ಬಿಟ್ಟೆ?" ಎಂದರು ಇವರು.

"ಹಾರನ್ ಹೊಡೆದ್ನಲ್ಲ, ಬಿಟ್ಟೆ."

"ಷಡ್ಡಕ ಹಾರನ್ ಹೊಡೆದ್ರೆ ಬಿಡ್ತಾರೇನೇ?"

ನನ್ನನ್ನು ಬೈದು ಉಪಯೋಗವಿಲ್ಲ ಎಂದು ಅವರಿಗೆ ಗೊತ್ತು. ಆದ್ದರಿಂದ ತಪ್ಪನ್ನು ಕಾರಿನ ಮೇಲೆ ಹಾಕಿದರು. ಪಿಕಪ್ ಇಲ್ಲ ಎಂದರು. ವರ್ಷವಿಡೀ ತೋತಾಪುರಿ ಉಪ್ಪಿನಕಾಯಿ ಬಡಿಸಿದಾಗಲೆಲ್ಲ ಪಿಕಪ್ ಇಲ್ಲ ಎಂದರು.

ಈ ವರ್ಷ ಮಾವು ಕಾಯಿ ಕಟ್ಟುವ ಹೊತ್ತಿಗೆ ಅವರಿಗೆ ಒಂದು ವಿಡಿಯೋ ಸಿಕ್ಕಿತು. ಯಾರೋ ಒಬ್ಬ ಗಡ್ಡದವನು ತನ್ನ ಮನೆ ಗ್ಯಾರೇಜಿನಲ್ಲಿ ಕೂತು, ಕಾರಿನ ಜತೆ ಬಂದ ಥ್ರಾಟಲ್ ಬಾಡಿಯನ್ನು ಬಿಚ್ಚಿ, ಒಳಗೆ ಉಜ್ಜಿ ಅಗಲ ಮಾಡಿ, ಪಾಲಿಶ್ ಮಾಡಿ, ವಾಪಸ್ ಹಾಕಿ, ಕಾರು ಬಾಣದಂತೆ ಹೋಗುತ್ತದೆ ಎಂದು ತೋರಿಸುತ್ತಿದ್ದ. ಥ್ರಾಟಲ್ ಬಾಡಿ ಅಂದರೆ ಏನೂ ಇಲ್ಲ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಅಲ್ಯೂಮಿನಿಯಂ ಕೊಳವೆ, ಅದರೊಳಗೆ ಒಂದು ದುಂಡನೆಯ ತಟ್ಟೆ. ಆಕ್ಸಿಲರೇಟರ್ ಒತ್ತಿದರೆ ತಟ್ಟೆ ತೆರೆದುಕೊಳ್ಳುತ್ತದೆ, ಗಾಳಿ ಒಳಗೆ ಹೋಗುತ್ತದೆ. ಬಿಟ್ಟರೆ ತಟ್ಟೆ ಮುಚ್ಚಿಕೊಳ್ಳುತ್ತದೆ, ಎಂಜಿನ್ ಸುಮ್ಮನಾಗುತ್ತದೆ. ಇಷ್ಟನ್ನು ನಾನು ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಪೀರಿಯಡ್ಡಿನಲ್ಲಿ ಅರ್ಥ ಮಾಡಿಸಬಲ್ಲೆ.

ನಮ್ಮೆಜಮಾನರಿಗೆ ಅದರಲ್ಲಿ ಕಂಡದ್ದು ತೂತು.

"ನೋಡೇ ಅನಿತ, ಕಂಪ್ನಿಯೋರು ಎಷ್ಟು ಸಣ್ಣ ಬೋರ್ ಕೊಟ್ಟವ್ರೆ! ನಾಲ್ಕೂವರೆ ಇಂಚು ಕೊರೆಸ್ದೋರೆಲ್ಲ ಅಳ್ತಾ ಕೂತವ್ರೆ, ಆರೂವರೆ ಕೊರೆಸ್ದೋರ್ಗೆ ನೀರು ಬಂತು. ಇದೂ ಅಷ್ಟೆ ಕಣೇ."

"ಗಾಳಿಗೂ ನೀರಿಗೂ ಏನ್ರೀ ಸಂಬಂಧ?"

"ಎರಡೂ ಪೈಪಲ್ಲಿ ತಾನೆ ಬರೋದು?"

ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅವರು ಅಂಗಡಿಯಿಂದ ಡ್ರಿಲ್ ಮೆಷಿನ್ನು, ಗ್ರೈಂಡರು, ಎಮರಿ ಪೇಪರು ಎಲ್ಲ ತಂದು ಜಗಲಿ ಮೇಲೆ ಜೋಡಿಸಿಬಿಟ್ಟಿದ್ದರು. ಅದು ಭಾನುವಾರ. ಬೀದಿಗೆ ಬೀದಿಯೇ ಬಿಡುವಾಗಿತ್ತು.

ಎದುರು ಮನೆಯ ಶ್ರೀನಿವಾಸಪ್ಪನವರು ಮೊದಲು ಬಂದರು. ಅವರು ಈ ಭಾಗದಲ್ಲಿ ಬೋರ್ ಪಾಯಿಂಟ್ ತೋರಿಸುವವರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ, ನೆಲದಡಿ ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ. ನಮ್ಮೆಜಮಾನರ ಅಂಗಡಿಗೆ ಗಿರಾಕಿ ಕಳಿಸುವವರು ಅವರೇ ಆದ್ದರಿಂದ ಅವರ ವಿದ್ಯೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಅನುಮಾನ ಪಡುವುದಿಲ್ಲ.

"ಕೊರೆಯೋ ಮುಂಚೆ ಒಂದ್ಸಲ ನೋಡ್ಬಿಡಿ ಅಣ್ಣಾ," ಎಂದರು ಇವರು.

ಶ್ರೀನಿವಾಸಪ್ಪನವರು ಚಪ್ಪಲಿ ಬಿಟ್ಟು, ಕಾಯಿ ಹಿಡಿದು, ತೆರೆದ ಬಾನೆಟ್ಟಿನ ಮುಂದೆ ನಿಧಾನವಾಗಿ ಎಡದಿಂದ ಬಲಕ್ಕೆ ಸರಿದರು. ಬೀದಿಯವರೆಲ್ಲ ಉಸಿರು ಬಿಗಿಹಿಡಿದು ನಿಂತರು. ಕಾಯಿ ಒಂದು ಮೂಲೆಯಲ್ಲಿ ತಟ್ಟನೆ ಎದ್ದು ನಿಂತಿತು. ನಾನು ಹತ್ತಿರ ಹೋಗಿ ನೋಡಿದೆ. ಗಾಜು ತೊಳೆಯುವ ನೀರಿನ ಡಬ್ಬ. ಅವರ ವಿದ್ಯೆಯಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅಲ್ಲಿ ನೀರಿತ್ತು.

"ಶಕುನ ಚೆನ್ನಾಗೈತೆ. ಎಲ್ಲಾದ್ರೂ ಕೊರಿ," ಎಂದು ಶ್ರೀನಿವಾಸಪ್ಪನವರು ಅಪ್ಪಣೆ ಕೊಟ್ಟರು.

ಇವರು ಕೊರೆದರು. ಫೋನನ್ನು ಕಿಟಕಿಗೆ ಒರಗಿಸಿ ವಿಡಿಯೋ ಹಾಕಿದ್ದರು, ಆದರೆ ಗ್ರೈಂಡರಿನ ಸದ್ದಿಗೆ ಅದು ಅವರಿಗೆ ಕೇಳುತ್ತಿರಲಿಲ್ಲ. ಒಳಗೆ ಸೊಪ್ಪು ಬಿಡಿಸುತ್ತ ಕೂತಿದ್ದ ನನಗೆ ಕೇಳುತ್ತಿತ್ತು. ಆ ಗಡ್ಡದವನು ಎರಡು ಸಲ ಹೇಳಿದ: ಬಾಯಿಯ ಹತ್ತಿರದ ಏಣನ್ನು ಮಾತ್ರ ಉಜ್ಜಿ ನಯ ಮಾಡಿ, ತಟ್ಟೆ ಕೂರುವ ಜಾಗವನ್ನು ದಯವಿಟ್ಟು ಮುಟ್ಟಬೇಡಿ, ಮುಟ್ಟಿದರೆ ತಟ್ಟೆ ಮುಚ್ಚಿದರೂ ಸಂದಿಯಲ್ಲಿ ಗಾಳಿ ಹೋಗುತ್ತದೆ.

ನಾನು ಸೊಪ್ಪು ಬಿಟ್ಟು ಎದ್ದು ಹೋಗಿ ಹೇಳಿದೆ.

"ರೀ, ತಟ್ಟೆ ಕೂರೋ ಜಾಗ ಮುಟ್ಬಾರ್ದಂತೆ."

"ಅವ್ನು ಹೆದ್ರುಪುಕ್ಲ ಕಣೇ. ಮೇಲೆ ಅಗಲ ಮಾಡಿ ನಡುವೆ ಸಣ್ಣ ಬಿಟ್ರೆ ಕೇಸಿಂಗ್ ಪೈಪು ಹೆಂಗೆ ಇಳೀತದೆ?"

"ಕೇಸಿಂಗ್ ಯಾಕ್ರೀ ಇಳಿಸ್ಬೇಕು?"

"ಒಂದು ಮಾತಿಗೆ ಹೇಳ್ದೆ," ಎಂದು ಗ್ರೈಂಡರ್ ಮತ್ತೆ ಆನ್ ಮಾಡಿದರು. ಅಲ್ಯೂಮಿನಿಯಂ ಪುಡಿ ಜಗಲಿ ತುಂಬ ಉದುರಿತು. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಅಗಲ ಮಾಡಿ, ಸೂರ್ಯನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಶ್ರೀನಿವಾಸಪ್ಪನವರೂ ನೋಡಿದರು. ಬೀದಿಯವರೂ ಸಾಲಾಗಿ ನಿಂತು ಒಬ್ಬೊಬ್ಬರೇ ನೋಡಿದರು. ಅದರಲ್ಲಿ ಆ ಕಡೆ ಬೇವಿನ ಮರ ಕಾಣುತ್ತಿತ್ತು. ಎಲ್ಲರಿಗೂ ತೃಪ್ತಿಯಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ವಾಪಸ್ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಕೀ ತಿರುಗಿಸಿದರು. ಕಾರು ಕಿರುಚಿತು. ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇಲ್ಲ, ಎಂಜಿನ್ ಮಾತ್ರ ಘಾಟಿ ಹತ್ತುವ ಲಾರಿಯ ಹಾಗೆ ಅರಚುತ್ತಿತ್ತು. ಬೇವಿನ ಮರದ ಕಾಗೆಗಳು ಎದ್ದು ಹೋದವು. ಗಡ್ಡದವನು ಹೇಳಿದ್ದೇ ಆಗಿತ್ತು: ತಟ್ಟೆ ಮುಚ್ಚಿದರೂ ಸುತ್ತ ಸಂದಿ, ಆ ಸಂದಿಯಲ್ಲಿ ಬೇಕಾದಷ್ಟು ಗಾಳಿ.

ನಾನು ಕಿವಿ ಮುಚ್ಚಿಕೊಂಡು, "ಆಫ್ ಮಾಡ್ರೀ!" ಎಂದೆ.

"ಯಾಕೆ? ಫ್ಲಶಿಂಗ್ ಆಗ್ತೈತೆ!"

ಬೋರ್ ಕೊರೆದ ಮೇಲೆ ಮೊದಲು ಕೆಸರು ನೀರು ಬರುತ್ತದಲ್ಲ. ನೀರು ತಿಳಿಯಾಗುವ ತನಕ ಮೋಟಾರು ಓಡಿಸಿ ಹೊರಗೆ ಬಿಡುವುದಕ್ಕೆ ಇಲ್ಲಿಯವರು ಫ್ಲಶಿಂಗ್ ಎನ್ನುತ್ತಾರೆ. ಕಾರಿಗೂ ಅಷ್ಟೇ, ಕೊರೆದ ಪುಡಿಯೆಲ್ಲ ಹೋಗಲಿ, ಆಮೇಲೆ ತಾನೇ ತಿಳಿಯಾಗುತ್ತದೆ ಎಂದು ಇವರ ವಾದ. ಕೊರೆದ ಪುಡಿ ಎಂಜಿನ್ನಿನೊಳಗೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ. ಬೀದಿಯವರೆಲ್ಲ ಸುತ್ತ ನಿಂತು ಕಾರು ತಿಳಿಯಾಗುವುದನ್ನು ಕಾದರು. ಯಾರೋ ಕುರ್ಚಿ ತಂದರು. ನನ್ನ ಹಣೆಬರಹ, ನಾನೇ ಎಲ್ಲರಿಗೂ ಟೀ ಮಾಡಿ ಕೊಟ್ಟೆ. ಪೆಟ್ರೋಲ್ ಮುಳ್ಳು ಇಳಿಯುತ್ತಿತ್ತು, ಕಾರು ತಿಳಿಯಾಗಲಿಲ್ಲ.

ಸಂಜೆ ಅವರು ಒಂದು ಸುತ್ತು ಹೊಡೆದು ಬಂದರು. ಕ್ಲಚ್ ಸುಟ್ಟ ವಾಸನೆ ಮೂಲೆಯಿಂದಲೇ ಬಂತು. ಮುಖದಲ್ಲಿ ಬೆವರು, ಆದರೆ ಕಣ್ಣಲ್ಲಿ ಬೆಳಕು.

"ಏನ್ ಪವರ್ರೇ! ಆಕ್ಸಿಲರೇಟರ್ ಮುಟ್ಟೋದೇ ಬೇಡ, ಅದೇ ಹೋಗ್ತೈತೆ!"

"ನಿಲ್ಲತ್ತೇನ್ರೀ?"

"ನಿಲ್ಸೋಕೆ ಸ್ವಲ್ಪ ಕೈಚಳಕ ಬೇಕು," ಎಂದರು.

ಮಾರನೆಯ ದಿನ ನಾನು ಶಾಲೆಗೆ ಹೊರಟೆ. ಮೊದಲ ಗೇರಿಗೆ ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಕಾರು ಚಿಮ್ಮಿತು. ಬೀದಿ ಕೊನೆಯ ದೋಸೆ ಹೋಟೆಲಿನ ಮುಂದಿನ ಬೆಂಚಿಗೆ ಒಂದು ಗೇಣು ಉಳಿಸಿ ನಿಲ್ಲಿಸಿದೆ. ಬೆಂಚಿನ ಮೇಲಿದ್ದವರು ದೋಸೆ ತಟ್ಟೆ ಸಮೇತ ಎದ್ದು ನಿಂತಿದ್ದರು. ಶಾಲೆ ಬಿಡುವ ಹೊತ್ತಿಗೆ ಆವನಿ ರಸ್ತೆ ತುಂಬ ನನ್ನ ಮಕ್ಕಳೇ ನಡೆದು ಹೋಗುತ್ತಿರುತ್ತಾರೆ. ತಿರುಗಿಸಿಕೊಂಡು ಬಂದು ಕೀ ಮೇಜಿನ ಮೇಲಿಟ್ಟೆ.

ಇವರು ಆ ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಬೇಜಾರ್ ಮಾಡ್ಕೋಬೇಡ ಕಣೇ. ಇದು ಈಗ ಲೇಡೀಸ್ ಓಡ್ಸೋ ಗಾಡಿ ಅಲ್ಲ."

ಹೀಗೆ ನನ್ನ ಕಾರು ನನ್ನದಲ್ಲದ್ದಾಯಿತು. ಮತ್ತೆ ಬಸ್ಸು, ಮತ್ತೆ ಕಂಬಿ, ಕ್ರಾಸಿನಲ್ಲಿ ಇಳಿದು ಆಟೋದಲ್ಲಿ ಆರನೆಯವಳಾಗಿ ತೊಡೆ ಮೇಲೆ ಬ್ಯಾಗಿಟ್ಟುಕೊಂಡು ಕೂರುವುದು. ಬಸ್ಸಿನಲ್ಲಿ ಹಾಡುವುದಕ್ಕೆ ಆಗುತ್ತದೆಯೇ? ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದನ್ನು ಯಾರ ಮೇಲೆ ಹಾಕಲಿ? ಬೀದಿಯಲ್ಲಿ ಸಿಕ್ಕವರೆಲ್ಲ, "ನಿಮ್ಮೆಜಮಾನ್ರು ಕಾರಿಗೆ ಏನೋ ಮಾಡವ್ರಂತೆ, ಭಾರೀ ತಲೆ ಬಿಡಿ," ಎನ್ನುತ್ತಿದ್ದರು.

ಭಾರೀ ತಲೆಯವರೂ ಒಂದು ವಾರದಲ್ಲಿ ಸ್ಕೂಟರಿನಲ್ಲಿ ಅಂಗಡಿಗೆ ಹೋಗತೊಡಗಿದರು. ಗಾಡಿಗೆ ರೆಸ್ಟ್ ಬೇಕು ಎಂದರು. ಬೇವಿನ ಮರದ ಕೆಳಗೆ ಕಾರಿನ ಮೇಲೆ ಎಲೆ ಉದುರಿ ಉದುರಿ ಬಿಳಿ ಬಣ್ಣ ಕಾಣದಾಯಿತು. ತವರಿನಿಂದ ಅಮ್ಮ ಫೋನು ಮಾಡಿ ಕೊಯ್ಲಿನ ದಿನ ಹೇಳಿದಾಗ ಇವರ ಮುಖ ಸಣ್ಣಗಾಯಿತು. "ಅಷ್ಟ್ರಲ್ಲಿ ತಿಳಿಯಾಗ್ತದೆ," ಎಂದು ಕಾರಿನ ಕಡೆ ನೋಡಿದರು.

ಅದೇ ವಾರ ಕೋಲಾರದಲ್ಲಿ ನಮ್ಮ ಶಾಲೆಯ ಮೇಷ್ಟ್ರುಗಳಿಗೆಲ್ಲ ತರಬೇತಿ ಇತ್ತು. ಊಟದ ಬಿಡುವಿನಲ್ಲಿ ಹಳೆ ಕಾರು ಒಡೆಯುವ ಗುಜರಿ ಅಂಗಡಿಗೆ ಹೋದೆ. ನನ್ನ ಕಾರಿನಂಥದ್ದೇ ಒಂದು, ಬಾಗಿಲಿಲ್ಲದೆ, ಚಕ್ರವಿಲ್ಲದೆ ಬಿದ್ದಿತ್ತು. ಅದರ ಥ್ರಾಟಲ್ ಬಾಡಿ ಕೇಳಿದೆ. ಅಂಗಡಿಯವನು, "ಯಾಕೆ ಮೇಡಂ, ನಿಮ್ದು ಕಳ್ತನ ಆಯ್ತಾ?" ಎಂದ. ಒಂದು ರೀತಿಯಲ್ಲಿ ಹೌದು ಎಂದೆ. ಅವನು ಬಿಚ್ಚಿಕೊಟ್ಟದ್ದನ್ನು ಬೆಳಕಿಗೆ ಹಿಡಿದು ತಟ್ಟೆ ಮುಚ್ಚಿ ನೋಡಿದೆ. ಒಂದು ಕೂದಲೆಳೆ ಬೆಳಕೂ ಬರಲಿಲ್ಲ. ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಉಳಿದರ್ಧ ದಿನದ ತರಬೇತಿಯನ್ನು ಬಹಳ ಶ್ರದ್ಧೆಯಿಂದ ಕೇಳಿದೆ.

ಮುಂದಿನ ಭಾನುವಾರ ಇವರು ಯಾರದೋ ಬೋರಿಗೆ ಮೋಟಾರು ಇಳಿಸುವುದಕ್ಕೆ ಬಂಗಾರಪೇಟೆ ಕಡೆ ಹೋದರು. ನಾನು ಸೀರೆ ಸೆರಗು ಸಿಕ್ಕಿಸಿ ಅವರ ಸ್ಪ್ಯಾನರ್ ಡಬ್ಬಿ ತಂದೆ. ಅದೇ ವಿಡಿಯೋ ಹಾಕಿದೆ, ಈ ಸಲ ಗ್ರೈಂಡರ್ ಇಲ್ಲದ್ದರಿಂದ ಗಡ್ಡದವನು ಹೇಳಿದ್ದೆಲ್ಲ ಕೇಳಿಸಿತು. ನಾಲ್ಕು ಬೋಲ್ಟು, ಒಂದು ಕೇಬಲ್ಲು, ಎರಡು ಸಣ್ಣ ಪೈಪು, ಒಂದು ವೈರಿನ ಸಾಕೆಟ್ಟು. ಒಂದು ಬೋಲ್ಟು ಕೆಳಗೆ ಬಿದ್ದು ಎಲ್ಲೋ ಹೋಗಿ ಅದನ್ನು ಹುಡುಕುವುದರಲ್ಲೇ ಅರ್ಧ ಬೆಳಗು ಕಳೆಯಿತು. ಕೈಯೆಲ್ಲ ಗ್ರೀಸು, ಒಂದು ಉಗುರು ಮುರಿಯಿತು. ಕೀ ಅವರ ಜೇಬಿನಲ್ಲಿತ್ತು, ಆದರೆ ಕಾರು ತಗೊಂಡಾಗ ಕೊಟ್ಟ ಇನ್ನೊಂದು ಕೀ ನನ್ನ ಅರಿಶಿನದ ಡಬ್ಬಿಯಲ್ಲಿತ್ತು. ತಿರುಗಿಸಿದೆ. ಕಾರು ಒಂದು ಸಲ ಕೆಮ್ಮಿ ಮೆಲ್ಲಗೆ ಗುನುಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಅವರು ಕೊರೆದ ಥ್ರಾಟಲ್ ಬಾಡಿಯನ್ನು ಹಳೆ ದಿಂಬಿನ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗಿಟ್ಟೆ. ಸಂಜೆ ಬಂದ ಮೇಲೆ ತೋರಿಸಿ ಹೇಳಬೇಕು ಎಂದೇ ಇದ್ದೆ, ಸತ್ಯವಾಗಿ.

ಆದರೆ ಅವರು ಬಂದವರೇ ಫ್ಲಶಿಂಗ್ ಮಾಡಲೆಂದು ಕಾರು ಸ್ಟಾರ್ಟ್ ಮಾಡಿದರು. ಕಾರು ಗುನುಗಿತು. ಅವರು ಆಫ್ ಮಾಡಿ ಇನ್ನೊಂದು ಸಲ ಸ್ಟಾರ್ಟ್ ಮಾಡಿದರು. ಆಮೇಲೆ ಅಂಗಳದಲ್ಲಿ ಕುಣಿದರು.

"ತಿಳಿಯಾಯ್ತು ಕಣೇ! ತಿಳಿನೀರು ಬಂತು! ನಾನು ಹೇಳ್ಲಿಲ್ವಾ? ಅಣ್ಣಾ, ಶ್ರೀನಿವಾಸಪ್ಪಣ್ಣಾ, ಬನ್ನಿ ಇಲ್ಲಿ!"

ಐವತ್ತರ ಹತ್ತಿರದ ಗಂಡಸು ಹಾಗೆ ಕುಣಿಯುವುದನ್ನು ನೋಡಿ ನನ್ನ ಬಾಯಿ ಕಟ್ಟಿತು. ಇರಲಿ, ಹೆಸರು ಅವರೇ ತಗೊಳ್ಳಲಿ, ಕಾರು ನನಗೆ ಬಂದರೆ ಸಾಕು ಅಂದುಕೊಂಡೆ. ಬೆಳಗ್ಗೆ ಕೀಗೆ ಕೈ ಚಾಚಿದೆ.

"ಅಯ್ಯೋ, ಇಂಥಾ ಪವರ್ ಇರೋ ಗಾಡೀನ ನಿನ್ ಕೈಗೆ ಕೊಟ್ಟು ಏನಾದ್ರೂ ಆದ್ರೆ? ನೀನು ಬಸ್ಸಲ್ಲೇ ಹೋಗು ಕಣೇ, ಸೇಫು," ಎಂದು ಕಾರು ಹತ್ತಿ ಅಂಗಡಿಗೆ ಹೋದರು.

ಅರಿಶಿನದ ಡಬ್ಬಿಯ ಕೀ ಇತ್ತಲ್ಲ ಎಂದು ನೀವು ಕೇಳಬಹುದು. ಕಾರು ಅಂಗಡಿ ಮುಂದೆ ಇದ್ದರೆ ಕೀ ಇಟ್ಟುಕೊಂಡು ನಾನೇನು ಪೂಜೆ ಮಾಡಲೇ? ಅಲ್ಲದೆ ನನ್ನ ಕಾರನ್ನು ನಾನು ಕದ್ದುಕೊಂಡು ಹೋಗುವುದಿಲ್ಲ. ಕೊಟ್ಟು ಕಳಿಸಬೇಕು. ಅವರೇ ಕೊಡಬೇಕು.

ಕೊಯ್ಲಿನ ದಿನ ಬಂತು. ಅವರು ಓಡಿಸಿದರು, ನಾನು ಪಕ್ಕದಲ್ಲಿ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಹತ್ತಿರ ಮುರಳಿಯ ಕಾರು ನಿಂತಿತ್ತು, ಮೇಘನ ಹೂ ಕೊಳ್ಳುತ್ತಿದ್ದಳು. ಇವರು ಹಾರನ್ ಹೊಡೆದು, ಮುಂದೆ ಹೋಗಿ, "ಹೊಡ್ದೆ ಓವರ್‌ಟೇಕು!" ಎಂದು ಸ್ಟೀರಿಂಗ್ ಬಡಿದರು. ನಿಂತ ಕಾರನ್ನು ಓವರ್‌ಟೇಕ್ ಮಾಡಲು ಎಷ್ಟು ಪಿಕಪ್ ಬೇಕು ಎಂದು ನಾನು ಕೇಳಲಿಲ್ಲ. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಎಳೆದರು, ಕಾರು ಏದುಸಿರು ಬಿಟ್ಟಿತು. ಆ ಏರಿಗೆ ಮೂರನೇ ಗೇರು ಬೇಕು. ಅದನ್ನೂ ನಾನು ಹೇಳಲಿಲ್ಲ.

ತೋಪಿನ ಬಾಗಿಲಲ್ಲೇ ಅಪ್ಪ ನಿಂತಿದ್ದರು.

"ಏಮಪ್ಪಾ ಅಲ್ಲುಡೂ, ಎಗಿರಿ ವಚ್ಚಿನಾವಾ?" ಎಂದು ನಕ್ಕರು. ಹಾರಿಕೊಂಡು ಬಂದೆಯಾ ಎಂದು. ನಮ್ಮಪ್ಪನಿಗೆ ಖುಷಿಯಾದರೆ ತೆಲುಗೇ ಬರುವುದು.

ಇವರು ಬಾದಾಮಿ ಬುಟ್ಟಿಯ ಮೇಲೆ ಟವೆಲ್ ಹಾಕಿ ಜಾಗ ಹಿಡಿದರು. ಮುರಳಿ ಬರುವ ಹೊತ್ತಿಗೆ ಬಾನೆಟ್ ತೆರೆದು ಉಪನ್ಯಾಸ ಶುರುವಾಗಿತ್ತು. ಕಾಯಿ ಕೊಯ್ಯುವವರು ಕೊಕ್ಕೆ ಕೆಳಗಿಟ್ಟು ಬಂದು ನಿಂತರು. ಕಂಪನಿಯವರು ಹೇಗೆ ಸಣ್ಣ ಬೋರ್ ಕೊಟ್ಟು ಮೋಸ ಮಾಡುತ್ತಾರೆ, ತಾವು ಹೇಗೆ ಅಗಲ ಮಾಡಿದರು, ಹೇಗೆ ಮೊದಲು ಕೆಸರು ಬಂದು ಆಮೇಲೆ ತಿಳಿಯಾಯಿತು, ಎಲ್ಲ ಹೇಳಿದರು. ಅಪ್ಪ ತಲೆದೂಗಿದರು. ತೋಪಿನಲ್ಲಿ ಅವರು ಕೊರೆಸಿದ ಬೋರುಗಳ ನೆನಪು ಬಂದಿರಬೇಕು.

ಮುರಳಿ ಮೊದಲು ನಕ್ಕ. ಆಮೇಲೆ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟ. ಎಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಅವನ ಮುಖ ಬದಲಾಯಿತು.

"ಅಣ್ಣಾ, ನಂದಕ್ಕೂ ಮಾಡ್ಬಹುದಾ?"

ಇವರು ಆ ಪ್ರಶ್ನೆಗಾಗಿಯೇ ಹುಟ್ಟಿದವರ ಹಾಗೆ ಎದೆ ಉಬ್ಬಿಸಿದರು.

"ಯಾಕಾಗಲ್ಲ? ಡಿಕ್ಕೀಲಿ ಡ್ರಿಲ್ಲೂ ತಂದಿದೀನಿ. ಕೊಯ್ಲು ಮುಗಿಯೋದ್ರೊಳಗೆ ಮುಗ್ಸೋಣ. ಒಂದ್ ಮಾತು, ಆಮೇಲೆ ಲೇಡೀಸ್ ಓಡ್ಸೋಕಾಗಲ್ಲ."

"ಪರವಾಗಿಲ್ಲ, ಬಿಡಿ," ಎಂದ ಮುರಳಿ.

ಮೇಘನ ಹೂವಿನ ಪೊಟ್ಟಣ ಹಿಡಿದು ನಿಂತಿದ್ದಳು. ಮಾಲೂರಿನಲ್ಲಿ ಆ ಕಾರನ್ನು ಹೆಚ್ಚು ಓಡಿಸುವವಳು ಅವಳೇ. ಮಗುವನ್ನು ಶಾಲೆಗೆ ಬಿಡುವುದು, ತಾನು ಹೊಲಿಗೆ ಅಂಗಡಿಗೆ ಹೋಗುವುದು ಎಲ್ಲ ಅದರಲ್ಲಿ. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ಹೌದಾ ಅಕ್ಕಾ? ನೀನು ಈಗ ಓಡ್ಸಲ್ವಾ?" ಎಂದಳು.

ಅಷ್ಟು ದಿನ ಕಟ್ಟಿದ್ದ ನನ್ನ ಬಾಯಿ ಆಗಲೂ ಬಿಚ್ಚಲಿಲ್ಲ. ಕಾಲು ನಡೆಯಿತು. ಡಿಕ್ಕಿ ತೆಗೆದೆ, ಡ್ರಿಲ್ ಮೆಷಿನ್ ಪಕ್ಕಕ್ಕೆ ಸರಿಸಿದೆ, ಸ್ಟೆಪ್ನಿ ಎತ್ತಿದೆ. ದಿಂಬಿನ ಚೀಲ ಬಿಚ್ಚಿ ಒಳಗಿದ್ದದ್ದನ್ನು ಬಾದಾಮಿ ಬುಟ್ಟಿಯ ಮೇಲೆ, ಅವರ ಟವೆಲ್ಲಿನ ನಡುವೆ ಇಟ್ಟೆ.

ಇವರು ನೋಡಿದರು. ತಾವು ಉಜ್ಜಿ ಉಜ್ಜಿ ಹೊಳಪು ತಂದದ್ದನ್ನು ಗುರುತು ಹಿಡಿಯದೆ ಇರುತ್ತಾರೆಯೇ?

ಅಪ್ಪ ಅದನ್ನು ಎತ್ತಿಕೊಂಡು ಒಂದು ಕಣ್ಣು ಮುಚ್ಚಿ ಅದರೊಳಗಿಂದ ನನ್ನನ್ನು ನೋಡಿದರು.

"ಏನಮ್ಮಾ ಇದು?"

"ನಿಮ್ಮಳಿಯಂದ್ರು ಕೊರೆದ ಬೋರು, ಅಪ್ಪಾ."

"ಇದು ಇಲ್ಲೈತೆ. ಮತ್ತೆ ಕಾರು ಹೆಂಗೆ ಓಡ್ತು?"

"ಕಂಪ್ನಿಯೋರು ಮಾಡಿದ್ದ ಹಂಗೇ ಓಡ್ತು. ಗುಜರೀಲಿ ಹಳೇದು ತಂದು ನಾನೇ ಹಾಕ್ದೆ. ಇವ್ರು ಬಂಗಾರಪೇಟೆಗೆ ಹೋಗಿದ್ದಾಗ."

ಮರದಿಂದ ಒಂದು ಕಾಯಿ ಉದುರಿದ ಸದ್ದು ಕೇಳಿತು. ಮುರಳಿ ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ಭುಜ ಕುಲುಕುತ್ತಿತ್ತು. ಮೇಘನ ಅವನ ಕೈಯಲ್ಲಿದ್ದ ಕೀಯನ್ನು ಹೂವಿನ ಪೊಟ್ಟಣದ ಜತೆ ತನ್ನ ಬ್ಯಾಗಿಗೆ ಹಾಕಿಕೊಂಡಳು. ನಮ್ಮೆಜಮಾನರು ಬಾನೆಟ್ ಹಿಡಿದು ನಿಂತೇ ಇದ್ದರು. ಕಿವಿ ಕೆಂಪಾಗಿತ್ತು. ನನಗೆ ಗೆದ್ದ ಸಂತೋಷ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅಂಗಳದಲ್ಲಿ ಅವರು ಕುಣಿದದ್ದು ನೆನಪಾಯಿತು. ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಕೈ ಚಾಚಿದೆ.

"ಕೀ ಕೊಡಿ."

ಅವರು ಅಲುಗಾಡಲಿಲ್ಲ. ಅಮ್ಮ ಭಾರತಮ್ಮ ಅಲ್ಲಿಯವರೆಗೆ ಹಣ್ಣು ವಿಂಗಡಿಸುತ್ತ ಕೂತಿದ್ದವರು ತಲೆ ಎತ್ತದೆ ಹೇಳಿದರು.

"ಕೊಡಪ್ಪಾ. ಗಾಡಿ ಅವಳ್ದೇ ಅಲ್ವಾ?"

ಅವರು ಜೇಬಿಗೆ ಕೈ ಹಾಕಿ ತೆಗೆದು ಕೊಟ್ಟರು. ಬೆವರಿಗೆ ಕೀ ಒದ್ದೆಯಾಗಿತ್ತು.

ಬಾದಾಮಿ ಬುಟ್ಟಿ ಯಾರಿಗೆ ಎಂಬ ಮಾತು ಮತ್ತೆ ಬರಲಿಲ್ಲ, ಅಪ್ಪ ಎರಡು ಕಾರಿಗೂ ಅರ್ಧರ್ಧ ಹಾಕಿಸಿದರು. ಆ ಥ್ರಾಟಲ್ ಬಾಡಿಯನ್ನು ಮಾತ್ರ ವಾಪಸ್ ಕೊಡಲಿಲ್ಲ. ಹನಿ ನೀರಾವರಿ ಪೈಪಿಗೆ ಯಾವತ್ತಾದರೂ ಉಪಯೋಗವಾದೀತು ಎಂದು ಪಂಪ್‌ಹೌಸಿನ ಗೂಟಕ್ಕೆ ನೇತುಹಾಕಿದರು. ಈ ಜಿಲ್ಲೆಯಲ್ಲಿ ತೂತಿರುವ ವಸ್ತುವನ್ನು ಯಾರೂ ಬಿಸಾಕುವುದಿಲ್ಲ.

ವಾಪಸ್ ಬರುವಾಗ ನಾನು ಓಡಿಸಿದೆ. ಇವರು ಪಕ್ಕದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಹೊರಗೆ ನೋಡುತ್ತಲೇ ಕೇಳಿದರು.

"ನೀನೇ ಬಿಚ್ಚಿ ಹಾಕ್ದಾ?"

"ಹೂಂ."

"ನಾಲ್ಕೂ ಬೋಲ್ಟು?"

"ಒಂದು ಬಿದ್ದೋಗಿತ್ತು. ಹುಡುಕ್ದೆ."

ಅವರು ನನ್ನ ಮುರಿದ ಉಗುರನ್ನು ನೋಡಿದರು. ಅವರ ಕಾಲು ನೆಲಕ್ಕೆ ಒತ್ತುತ್ತಿಲ್ಲ ಎಂಬುದನ್ನು ನಾನು ಗಮನಿಸಿದೆ. ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಕೂತಿದ್ದರು.

ವಾಪಸ್ ಬರುವಾಗಲೂ ಆ ದಿಣ್ಣೆಗೆ ಈ ಕಡೆಯಿಂದ ಒಂದು ಏರು. ಅದು ಶುರುವಾಗುವ ಹೊತ್ತಿಗೆ ಹಿಂದಿನಿಂದ ಹಾರನ್ ಕೇಳಿತು. ಕನ್ನಡಿಯಲ್ಲಿ ಮುರಳಿಯ ಹೊಸ ಕಾರು. ಸ್ಟೀರಿಂಗ್ ಹಿಡಿದವಳು ಮೇಘನ, ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು. ಇವರೂ ಕನ್ನಡಿಯಲ್ಲಿ ನೋಡಿದರು. ಒಂದು ನಿಟ್ಟುಸಿರು ಬಿಟ್ಟರು.

"ಬಿಡು, ಹೋಗ್ಲಿ," ಎಂದರು.

ನಾನು ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಶ್ರೀನಿವಾಸಪುರ ಬರುವವರೆಗೂ ನನ್ನ ತಂಗಿ ಕನ್ನಡಿಯಲ್ಲೇ ಇದ್ದಳು.